ಮೈಸೂರು, ಮಂಡ್ಯದಲ್ಲಿ ಹೋಟೆಲ್ ಊಟ: ಮೊದಲು ಗಡಿಯಾರ ನೋಡಿ, ಆಮೇಲೆ ಮೆನು

ಎರಡು ವರ್ಷದ ಹಿಂದೆ ಧಾರವಾಡದಿಂದ ನಮ್ಮ ಚಿಕ್ಕಮ್ಮ, ಚಿಕ್ಕಪ್ಪ ಮೈಸೂರಿಗೆ ಬಂದಿದ್ದರು. ನಾನು ಕೆಲಸದಲ್ಲಿದ್ದೆ, ಜೊತೆಗೆ ಹೋಗಲು ಆಗಲಿಲ್ಲ. ಅರಮನೆ ನೋಡಿ, ಝೂ ಸುತ್ತಿ, ಕಾಲು ಸೋತು ಅವರು ಹೋಟೆಲ್ ಹುಡುಕಿಕೊಂಡು ಹೊರಟಾಗ ಮಧ್ಯಾಹ್ನ ಮೂರೂವರೆ. ಊಟ ಖಾಲಿ ಅಂದರಂತೆ. ಸರಿ ಅಂತ ಇಡ್ಲಿ ಹೇಳಿದರು. ಬೆಳಿಗ್ಗೆ ಬೇಯಿಸಿದ ಇಡ್ಲಿ, ಹುಳಿ ತಿರುಗಿದ ಚಟ್ನಿ. ರಾತ್ರಿ ಮನೆಗೆ ಬಂದ ಚಿಕ್ಕಮ್ಮ "ಮೈಸೂರಿನ ಊಟ ಹಂಗ, ಹಿಂಗ ಅಂತ ಭಾಳ ಹೇಳ್ತಿದ್ದಿ, ಇದ ಏನಪಾ ಅದು?" ಅಂದರು. ನನಗೆ ತುಂಬಾ ಬೇಜಾರಾಯಿತು.

ಮರುದಿನ ರಜೆ ಹಾಕಿದೆ. ಬೆಳಿಗ್ಗೆ ಏಳೂವರೆಗೆ ನಜರ್‌ಬಾದಿನಲ್ಲಿ ದೋಸೆ, ಮಧ್ಯಾಹ್ನ ಹನ್ನೆರಡೂವರೆಗೆ ಬಾಳೆ ಎಲೆ ಊಟ, ಸಂಜೆ ದೇವರಾಜ ಮಾರುಕಟ್ಟೆ. ಅದೇ ಊರು, ಅದೇ ಇಬ್ಬರು. ಹೊರಡುವ ದಿನ ಚಿಕ್ಕಮ್ಮ ಎರಡು ಕಿಲೊ ಮೈಸೂರ್ ಪಾಕ್ ಕಟ್ಟಿಸಿಕೊಂಡರು.

ನಾನು ಹುಟ್ಟಿದ್ದು ಮಂಡ್ಯ ಜಿಲ್ಲೆಯಲ್ಲಿ, ಇಪ್ಪತ್ತು ವರ್ಷದಿಂದ ಇರುವುದು ಮೈಸೂರಿನಲ್ಲಿ. ಈಗ ಯಾರೇ ಊರಿಗೆ ಬಂದರೂ "ಏನು ತಿಂತೀರಿ" ಅಂತ ಕೇಳುವ ಮೊದಲು "ಎಷ್ಟು ಹೊತ್ತಿಗೆ ತಿಂತೀರಿ" ಅಂತ ಕೇಳುತ್ತೇನೆ. ನಮ್ಮ ಕಡೆಯ ಹೋಟೆಲುಗಳಲ್ಲಿ ಊಟ ಚೆನ್ನಾಗಿರಲಿಲ್ಲ ಅಂತ ದೂರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಳ್ಳೆಯ ಹೋಟೆಲಿಗೇ ಹೋಗಿರುತ್ತಾರೆ, ಆದರೆ ಹೊತ್ತಲ್ಲದ ಹೊತ್ತಿನಲ್ಲಿ. ಅದಕ್ಕೇ ಈ ಲೇಖನ. ಒಂದು ದಿನದ ಹೊಟ್ಟೆಪಾಡನ್ನು ಬೆಳಿಗ್ಗೆಯಿಂದ ಹೇಗೆ ಜೋಡಿಸಿಕೊಳ್ಳಬೇಕು ಅಂತ ಹಂತ ಹಂತವಾಗಿ ಹೇಳುತ್ತೇನೆ.

ಹಂತ 1: ಒಲೆಯ ಹೊತ್ತು ತಿಳಿದುಕೊಳ್ಳಿ

ಸಣ್ಣ ಹೋಟೆಲಿನ ಅಡುಗೆಮನೆಯಲ್ಲಿ ಇಡೀ ದಿನ ಎಲ್ಲಾ ಅಡುಗೆಯೂ ಆಗುವುದಿಲ್ಲ. ಬೆಳಿಗ್ಗೆ ಆರರಿಂದ ಹತ್ತರ ತನಕ ಇಡ್ಲಿ ಪಾತ್ರೆ, ದೋಸೆ ಕಾವಲಿ ಬಿಡುವಿಲ್ಲದೆ ಓಡುತ್ತವೆ. ಹನ್ನೊಂದಾದ ಮೇಲೆ ಭಟ್ಟರ ಕೈ ಅನ್ನ, ಸಾಂಬಾರಿನ ಕಡೆ ತಿರುಗುತ್ತದೆ. ಹನ್ನೆರಡೂವರೆಯಿಂದ ಎರಡರ ತನಕ ಊಟ. ಎರಡೂವರೆಯಿಂದ ನಾಲ್ಕು ಗಂಟೆ ಕೆಲಸದವರ ಊಟದ ಹೊತ್ತು, ಪಾತ್ರೆ ತೊಳೆಯುವ ಹೊತ್ತು. ನಾಲ್ಕೂವರೆಗೆ ಮತ್ತೆ ಎಣ್ಣೆ ಬಾಣಲೆ ಕಾಯುತ್ತದೆ: ಬೋಂಡ, ಬಜ್ಜಿ, ವಡೆ. ಆರರ ನಂತರ ಮತ್ತೆ ದೋಸೆ.

ಈ ಎರಡೂವರೆಯಿಂದ ನಾಲ್ಕರ ಸಂದಿಯಲ್ಲಿ ಹೋದರೆ ನಿಮಗೆ ಸಿಗುವುದು ಉಳಿದದ್ದು. ಅದಕ್ಕಿಂತ ದೊಡ್ಡ ತೊಂದರೆ ಚಟ್ನಿಯದು. ಹಸಿ ತೆಂಗಿನಕಾಯಿ ರುಬ್ಬಿದ ಚಟ್ನಿ ಬಿಸಿಲು ಏರಿದ ಹಾಗೆ ಬೇಗ ಹಳಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಚಟ್ನಿ ಮಧ್ಯಾಹ್ನದ ತನಕ ತಡೆಯುವುದೇ ಕಷ್ಟ. ಆ ಹೊತ್ತಿನಲ್ಲಿ ತಿನ್ನಲೇಬೇಕಾದರೆ ಚಟ್ನಿ ಬೇಡ ಅನ್ನಿ, ಬಿಸಿ ಸಾಂಬಾರ್ ಹಾಕಿಸಿಕೊಳ್ಳಿ. ಇಲ್ಲವಾದರೆ ಕಾಫಿ ಕುಡಿದು, ನಾಲ್ಕೂವರೆ ತನಕ ತಡೆದು, ಮೊದಲ ಬಾಣಲೆಯ ಬಜ್ಜಿ ತಿನ್ನಿ.

ವಾರವನ್ನೂ ನೋಡಿಕೊಳ್ಳಿ. ಭಾನುವಾರ ಸಂಜೆ ಏಳರ ಸುಮಾರಿಗೆ ಅರಮನೆಯ ದೀಪ ಹತ್ತುತ್ತದೆ. ದೀಪ ಆರಿದ ತಕ್ಷಣ ಆ ಜನವೆಲ್ಲ ಒಟ್ಟಿಗೆ ಸುತ್ತಲಿನ ಹೋಟೆಲುಗಳಿಗೆ ನುಗ್ಗುತ್ತದೆ. ಮಕ್ಕಳಿದ್ದರೆ ದೀಪ ನೋಡುವ ಮೊದಲೇ, ಆರೂವರೆಗೆ ಮುಂಚೆ ತಿನ್ನಿಸಿಬಿಡಿ. ದಸರೆಯಲ್ಲಿ ಇನ್ನೂ ಎಚ್ಚರ ಬೇಕು. ವಿಜಯದಶಮಿ ದಿನ ಜಂಬೂ ಸವಾರಿ ಅರಮನೆಯಿಂದ ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪಕ್ಕೆ ಹೋಗುತ್ತದೆ, ಆ ದಾರಿಯ ಹೋಟೆಲುಗಳಿಗೆ ಮಧ್ಯಾಹ್ನ ಕಾಲಿಡಲೂ ಆಗುವುದಿಲ್ಲ. ಆವತ್ತು ಸರಸ್ವತಿಪುರಂ, ಕುವೆಂಪುನಗರ, ವಿಜಯನಗರದ ಕಡೆ ಉಳಿದುಕೊಳ್ಳಿ. ಆ ಬಡಾವಣೆಗಳ ಮೆಸ್‌ಗಳಲ್ಲಿ ಬಿಸಿ ಅನ್ನ, ಸಾರು ಆರಾಮವಾಗಿ ಸಿಗುತ್ತದೆ.

ಸೋಮವಾರ, ಶನಿವಾರ ನಮ್ಮ ಕಡೆ ತುಂಬಾ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ. ಆ ದಿನ ಮಿಲ್ಟ್ರಿ ಹೋಟೆಲಿಗೂ ಜನ ಕಮ್ಮಿ, ಕೆಲವು ಬಾಗಿಲೇ ತೆಗೆಯುವುದಿಲ್ಲ. ಶ್ರಾವಣದಲ್ಲೂ ಹಾಗೇ. ಮಾಂಸದ ಊಟಕ್ಕೆ ಹೋಗುವುದಾದರೆ ಭಾನುವಾರ, ಮಂಗಳವಾರ, ಬುಧವಾರ ಒಳ್ಳೆಯದು.

ಹಂತ 2: ಹೋಟೆಲ್ ಆರಿಸುವುದು

ಫೋನಿನಲ್ಲಿ ಸ್ಟಾರ್ ಎಣಿಸಿ ಹೋಗುವುದು ಸುಲಭ. ನಾನು ನೋಡುವುದು ಬೇರೆ. ಮೊದಲನೆಯದು, ಅಕ್ಕಪಕ್ಕದ ಅಂಗಡಿಯವರು, ಆಟೋದವರು ಅಲ್ಲಿ ಕೂತು ತಿನ್ನುತ್ತಿದ್ದಾರಾ? ದಿನಾ ಅಲ್ಲೇ ಇರುವವರು ಕೆಟ್ಟ ಊಟಕ್ಕೆ ಎರಡನೇ ಸಲ ದುಡ್ಡು ಕೊಡುವುದಿಲ್ಲ. ಎರಡನೆಯದು, ಬೋರ್ಡಿನ ಉದ್ದ. ಒಂದೇ ಅಡುಗೆಮನೆಯಿಂದ ದೋಸೆ, ನೂಡಲ್ಸ್, ಪಿಜ್ಜಾ, ಪನೀರ್ ಬಟರ್ ಮಸಾಲ, ಚಾಟ್ ಎಲ್ಲಾ ಬರುತ್ತಿದ್ದರೆ ಯಾವುದೋ ಒಂದೆರಡು ಮಾತ್ರ ಹಸನಾಗಿರುತ್ತದೆ, ಉಳಿದದ್ದು ಸುಮ್ನೆ ಇರುತ್ತದೆ. ಮೈಸೂರಿನಲ್ಲಿ ಹೆಸರು ಉಳಿಸಿಕೊಂಡಿರುವ ಹಳೆಯ ಜಾಗಗಳೆಲ್ಲ ಒಂದೆರಡು ತಿನಿಸಿನ ಮೇಲೇ ನಿಂತಿವೆ. ನಜರ್‌ಬಾದಿನ ಮೈಲಾರಿ ಅಂದರೆ ಮೆತ್ತನೆಯ ದೋಸೆ. ಮಂಡಿ ಮೊಹಲ್ಲಾದ ಹನುಮಂತು ಅಂದರೆ ಪಲಾವ್. ಗಾಂಧಿ ಚೌಕದ ಆರ್‌ಆರ್‌ಆರ್ ಅಂದರೆ ಆಂಧ್ರದ ಎಲೆ ಊಟ, ಬಿರಿಯಾನಿ.

ಮೂರನೆಯದು ಶುಚಿ. ಕೈ ತೊಳೆಯುವ ಜಾಗ ನೋಡಿ. ಅಡುಗೆಮನೆ ನಮಗೆ ಕಾಣುವುದಿಲ್ಲ, ಕೈ ತೊಳೆಯುವ ಜಾಗ ಕಾಣುತ್ತದೆ, ಮತ್ತು ಅದು ಗಲೀಜಾಗಿದ್ದರೆ ಒಳಗೂ ಅದೇ ಕೈಗಳೇ ಕೆಲಸ ಮಾಡುತ್ತಿರುತ್ತವೆ. ಇಡ್ಲಿ ತಿನ್ನುವುದಾದರೆ ಇನ್ನೊಂದು ವಿಷಯ ಗಮನಿಸಿ. ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಇಡ್ಲಿ ಬೇಯಿಸುತ್ತಿರುವುದು 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯ ತಪಾಸಣೆಯಲ್ಲಿ ಸಿಕ್ಕಿಬಿತ್ತು, ಸರ್ಕಾರ ಅದನ್ನು ನಿಲ್ಲಿಸಲು ಹೇಳಿತು. ಬಟ್ಟೆ ಹಾಕಿ ಬೇಯಿಸಿದ ಇಡ್ಲಿಯ ಮೈಮೇಲೆ ನೇಯ್ಗೆಯ ಗುರುತು ಸಣ್ಣಗೆ ಮೂಡಿರುತ್ತದೆ. ಅನುಮಾನ ಬಂದರೆ ಸಂಕೋಚ ಬೇಡ, ಕೇಳಿ. ಸಂಜೆ ಗೋಬಿ ಮಂಚೂರಿ ತಿನ್ನುವವರು ಬಣ್ಣ ನೋಡಬೇಕು. ರೋಡಮಿನ್ ಬಿ ಅನ್ನುವ ಬಣ್ಣ ಸಿಕ್ಕಿದ ಮೇಲೆ 2024ರ ಮಾರ್ಚ್‌ನಲ್ಲಿ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ನಿಷೇಧಿಸಿತು. ಈಗಲೂ ಕಣ್ಣು ಕುಕ್ಕುವ ಕೆಂಪು ಕಂಡರೆ ಮುಂದೆ ಹೋಗಿ.

ಹಂತ 3: ಬೆಳಗಿನ ತಿಂಡಿ

ಏಳರಿಂದ ಎಂಟೂವರೆ ಒಳಗೆ ಹೋಗಿ. ಹಿಂದಿನ ರಾತ್ರಿ ರುಬ್ಬಿಟ್ಟ ಹಿಟ್ಟು ಹದವಾಗಿ ಹುಳಿ ಬಂದಿರುತ್ತದೆ, ಕಾವಲಿಗೆ ಒಂದಷ್ಟು ದೋಸೆ ಹೊಯ್ದು ಬಿಸಿ ಸಮ ಆಗಿರುತ್ತದೆ. ತೀರಾ ಮೊದಲ ದೋಸೆಗೆ ಆತುರಪಡಬೇಡಿ, ಕಾವಲಿ ಇನ್ನೂ ಹದಕ್ಕೆ ಬಂದಿರುವುದಿಲ್ಲ.

ಮೈಲಾರಿ ದೋಸೆಯ ಬಗ್ಗೆ ಹೊರಗಿನಿಂದ ಬರುವವರಿಗೆ ಮೊದಲೇ ಹೇಳಬೇಕು. ಅದು ಗರಿಗರಿ ದೋಸೆ ಅಲ್ಲ. ಮೆತ್ತಗೆ, ಹತ್ತಿಯ ಹಾಗೆ ಇರುತ್ತದೆ, ಮೇಲೆ ಬೆಣ್ಣೆ, ಒಳಗೆ ಆಲೂಗಡ್ಡೆ ಪಲ್ಯದ ಬದಲು ಸಾಗು, ಪಕ್ಕದಲ್ಲಿ ಕಾಯಿ ಚಟ್ನಿ. ಸಾಂಬಾರ್ ಕೇಳಬೇಡಿ, ಅದು ಅಲ್ಲಿಯ ರೂಢಿ ಅಲ್ಲ. ನಜರ್‌ಬಾದಿನಲ್ಲಿ ಆ ಹೆಸರಿನ ಹೋಟೆಲುಗಳು ಹತ್ತಿರ ಹತ್ತಿರದಲ್ಲೇ ಇವೆ, ಯಾವುದು ಹಳೆಯದು ಅಂತ ಮೈಸೂರಿನವರು ಗಂಟೆಗಟ್ಟಲೆ ಮಾತಾಡುತ್ತಾರೆ. ಜಾಗ ಚಿಕ್ಕದು, ಜನ ಜಾಸ್ತಿ. ರಜಾ ದಿನ ಎಂಟರ ಮೇಲೆ ಹೋದರೆ ಕಾಯಲೇಬೇಕು. ಒಬ್ಬರಿಗೆ ಎರಡು ದೋಸೆ ಬೇಕಾಗುತ್ತದೆ, ಆದರೆ ಎರಡನ್ನೂ ಒಟ್ಟಿಗೆ ತರಿಸಬೇಡಿ. ಮೊದಲನೆಯದು ಅರ್ಧ ಆದಾಗ ಎರಡನೆಯದನ್ನು ಹೇಳಿ. ಮೆತ್ತನೆಯ ದೋಸೆ ತಣ್ಣಗಾದರೆ ಅದರ ಸೊಗಸೇ ಹೋಗುತ್ತದೆ.

ಯಾವ ಹೋಟೆಲಿಗೆ ಹೋದರೂ ಸಪ್ಲೈಯರ್‌ಗೆ ಒಂದು ಪ್ರಶ್ನೆ ಕೇಳಿ. "ಅಣ್ಣ, ಈಗ ಬಿಸಿ ಏನಿದೆ?" ವಯಸ್ಸಾದವರಾದರೆ "ಏನ್ ಬಿಸಿ ಇದೆ ಯಜಮಾನ್ರೇ?" ಈ ಒಂದು ಮಾತಿನಿಂದ ನನಗೆ ಸಿಕ್ಕಿರುವಷ್ಟು ಒಳ್ಳೆಯ ತಿಂಡಿ ಬೇರೆ ಯಾವುದರಿಂದಲೂ ಸಿಕ್ಕಿಲ್ಲ. ಒಂದು ಸಲ ಪೂರಿ ಹೇಳಲು ಹೋದವನಿಗೆ ಸಪ್ಲೈಯರ್ "ಪೂರಿ ಬೇಡ ಸಾರ್, ಹತ್ತು ನಿಮಿಷ ತಡೀರಿ, ಬಿಸಿಬೇಳೆ ಬಾತ್ ಇಳಿತಾ ಇದೆ" ಅಂದರು. ತಡೆದೆ. ಆ ಬಿಸಿಬೇಳೆ ಬಾತಿನ ಘಮ ಇವತ್ತಿಗೂ ಮೂಗಿನಲ್ಲಿದೆ.

ಕಾಫಿಗೂ ಹೊತ್ತಿದೆ. ಬೆಳಿಗ್ಗೆ ಇಳಿಸಿದ ಮೊದಲ ಡಿಕಾಕ್ಷನ್ ಗಟ್ಟಿ ಇರುತ್ತದೆ. ಅದೇ ಪುಡಿಗೆ ಎರಡನೇ ಸಲ ನೀರು ಹಾಕಿದರೆ ಕಹಿ ಬರುತ್ತದೆ, ಘಮ ಬರುವುದಿಲ್ಲ. ಸ್ಟ್ರಾಂಗ್ ಬೇಕಾದರೆ, ಸಕ್ಕರೆ ಬೇಡವಾದರೆ ಮೊದಲೇ ಹೇಳಿ, ಬೆರೆಸಿದ ಮೇಲೆ ಏನೂ ಮಾಡಲು ಆಗುವುದಿಲ್ಲ. ಇಬ್ಬರಿಗೆ ಸ್ವಲ್ಪ ಸ್ವಲ್ಪ ಸಾಕಾದರೆ ಬೈ ಟೂ ಹೇಳಿ, ನಮ್ಮ ಕಡೆ ಇದನ್ನು ಯಾರೂ ಜಿಪುಣತನ ಅಂದುಕೊಳ್ಳುವುದಿಲ್ಲ.

ಹಂತ 4: ಎಲೆ ಊಟ

ಹನ್ನೆರಡೂವರೆಗೆ ಕೂತುಬಿಡಿ. ಒಂದೂವರೆಗೆ ಆಫೀಸಿನವರು, ಪ್ರವಾಸಿಗರು ಎಲ್ಲಾ ಸೇರುತ್ತಾರೆ. ಜನ ಜಾಸ್ತಿ ಇರುವ ಕಡೆ ಊಟ ಮಾಡುತ್ತಿರುವವರ ಕುರ್ಚಿಯ ಹಿಂದೆ ಹೋಗಿ ನಿಂತು ಜಾಗ ಹಿಡಿಯುವ ರೂಢಿ ಇದೆ. ನಿಮ್ಮ ಹಿಂದೆ ಯಾರಾದರೂ ನಿಂತರೆ ಗಾಬರಿ ಬೇಡ, ಅವಸರವೂ ಬೇಡ. ನೀವೇ ನಿಲ್ಲಬೇಕಾದರೆ ಮಜ್ಜಿಗೆ ಅನ್ನಕ್ಕೆ ಬಂದವರ ಹಿಂದೆ ನಿಲ್ಲಿ, ಆಗಷ್ಟೇ ಎಲೆ ಹಾಕಿಸಿಕೊಂಡವರ ಹಿಂದೆ ಅಲ್ಲ.

ಎಲೆಯ ತುದಿ ನಿಮ್ಮ ಎಡಗಡೆಗೆ ಬರಬೇಕು. ಸ್ವಲ್ಪ ನೀರು ಚಿಮುಕಿಸಿ ಒರೆಸಿಕೊಳ್ಳಿ. ಮೇಲಿನ ಅರ್ಧಕ್ಕೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಕೆಳಗಿನ ಅರ್ಧ ಅನ್ನಕ್ಕೆ. ಇಲ್ಲಿ ಹೊಸಬರು ಮಾಡುವ ತಪ್ಪು ಒಂದೇ. ಮೊದಲ ಸುತ್ತಿಗೇ ರಾಶಿ ಅನ್ನ ಹಾಕಿಸಿಕೊಂಡು ಎಲ್ಲಕ್ಕೂ ಸಾಂಬಾರ್ ಕಲಸಿಬಿಡುತ್ತಾರೆ. ಆಮೇಲೆ ಸಾರಿಗೆ ಜಾಗ ಇಲ್ಲ, ಮೊಸರಿಗೆ ಹೊಟ್ಟೆ ಇಲ್ಲ. ಪ್ರತಿ ಸುತ್ತಿಗೂ ಒಂದು ಹಿಡಿ ಅನ್ನ ಸಾಕು. ಆಂಧ್ರ ಊಟವಾದರೆ ಮೊದಲ ಹಿಡಿಯನ್ನು ಪುಡಿ, ತುಪ್ಪಕ್ಕೆ ಇಡಿ, ಎರಡನೆಯದನ್ನು ಪಪ್ಪುವಿಗೆ, ಅಂದರೆ ಅವರ ತೊವ್ವೆಗೆ. ಅವರ ಉಪ್ಪಿನಕಾಯಿ ನಮ್ಮದಕ್ಕಿಂತ ಖಾರ, ತುದಿ ಬೆರಳಲ್ಲಿ ರುಚಿ ನೋಡಿ ಮುಂದುವರಿಯಿರಿ.

ಸಾಕು ಅನ್ನಿಸಿದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. ಬಾಯಲ್ಲಿ ಸಾಕು ಸಾಕು ಅಂದರೆ ನಮ್ಮ ಕಡೆ ಅದು ಇನ್ನೊಂದು ಸೌಟು ಅಂತಲೇ ಅರ್ಥ. ಎಲೆಯಲ್ಲಿ ಬಿಡುವುದು ನನಗೆ ನಿಜವಾಗಿ ನೋವು ಕೊಡುತ್ತದೆ. ಮಂಡ್ಯದಲ್ಲಿ ಭತ್ತದ ಗದ್ದೆಯ ಪಕ್ಕ ಬೆಳೆದವನು ನಾನು, ಒಂದು ಹಿಡಿ ಅನ್ನದ ಹಿಂದೆ ಎಷ್ಟು ಬೆವರಿದೆ ಅಂತ ಕಂಡಿದ್ದೇನೆ. ಊಟ ಆದ ಮೇಲೆ ಎಲೆಯನ್ನು ನಿಮ್ಮ ಕಡೆಗೆ ಮಡಚಿ.

ಹತ್ತಿರದಲ್ಲಿ ಬೀಡಾ ಅಂಗಡಿ ಇದ್ದರೆ ಮೈಸೂರು ವೀಳ್ಯದೆಲೆ ಕೇಳಿ. ಅದಕ್ಕೂ, ನಂಜನಗೂಡು ರಸಬಾಳೆಗೂ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು ಇದೆ. ಅಸಲಿ ರಸಬಾಳೆ ಈಗ ಕಮ್ಮಿ, ದೇವರಾಜ ಮಾರುಕಟ್ಟೆಯಲ್ಲಿ ಕಣ್ಣಿಗೆ ಬಿದ್ದರೆ ಬಿಡಬೇಡಿ.

ಜೊತೆಗೆ ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಇದ್ದರೆ ದೊಡ್ಡ ಹೆಸರಿನ ಹೋಟೆಲಿನ ಆಸೆ ಬಿಟ್ಟುಬಿಡಿ. ನಮ್ಮ ಅಪ್ಪನಿಗೆ ಒಂದು ಗಂಟೆಗೆ ಊಟ ಬೀಳದಿದ್ದರೆ ಕೈ ನಡುಗುತ್ತದೆ. ಒಂದು ಸಲ ಹೆಸರಿಗೆ ಆಸೆಪಟ್ಟು ಮುಕ್ಕಾಲು ಗಂಟೆ ನಿಲ್ಲಿಸಿ, ಅವರು ಬೆವರಿ ಕುಸಿದು ಕೂತಿದ್ದನ್ನು ನೋಡಿದ ಮೇಲೆ ನಾನು ಅಪ್ಪನ ಜೊತೆ ಮೆಸ್ ಬಿಟ್ಟು ಬೇರೆಡೆಗೆ ಹೋಗುವುದಿಲ್ಲ. ಮೆಸ್‌ನಲ್ಲಿ ಮುಂಚೆಯೇ ಫೋನ್ ಮಾಡಿ ಹೇಳಿದರೆ ಎರಡು ಚಪಾತಿ, ಉಪ್ಪು ಕಮ್ಮಿ ಪಲ್ಯ ತೆಗೆದಿಡುತ್ತಾರೆ.

ಹಂತ 5: ಮಂಡ್ಯದ ಕಡೆ ಹೋದರೆ ಮುದ್ದೆ

ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೊರಗಿನವರಿಗೆ ಇದು ಅರ್ಥವಾಗದೆ ಉಳಿಯುವುದು ನೋಡಿ ನನಗೆ ಬೇಸರವಾಗುತ್ತದೆ.

ಮೈಸೂರಿನಿಂದ ಮಂಡ್ಯ ಸುಮಾರು 45 ಕಿಲೋಮೀಟರ್. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಊರುಗಳನ್ನು ಬಳಸಿಕೊಂಡು ಹೊರಗಿನಿಂದಲೇ ಹೋಗುತ್ತದೆ. ಕಾರಿನಲ್ಲಿ ನೂರರ ವೇಗದಲ್ಲಿ ಹೋದರೆ ಒಂದೂ ಹೋಟೆಲ್ ಸಿಗುವುದಿಲ್ಲ. ಆ ರಸ್ತೆ ಬಂದ ಮೇಲೆ ಹಳೇ ದಾರಿಯ ಎಷ್ಟೋ ಹೋಟೆಲುಗಳಿಗೆ ವ್ಯಾಪಾರ ಬಿದ್ದುಹೋಯಿತು. ಊಟಕ್ಕಾಗಿ ಹೊರಟವರು ಊರೊಳಗಿನ ಹಳೇ ರಸ್ತೆಗೆ ಇಳಿಯಲೇಬೇಕು. ಬೈಕಿನವರಿಗೆ ಹೇಗೂ 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆ, ಹಳೇ ರಸ್ತೆಯೇ ಗತಿ. ಊಟದ ವಿಷಯಕ್ಕೆ ಅದು ಒಳ್ಳೆಯದೇ ಆಯಿತು.

ಮುದ್ದೆ ತಿನ್ನುವ ಕ್ರಮ. ಬಿಸಿ ಇರುವಾಗಲೇ ಶುರು ಮಾಡಿ, ತಣ್ಣಗಾದ ಮುದ್ದೆ ಬಿಗಿದುಕೊಂಡು ಗಂಟಲಲ್ಲಿ ಇಳಿಯುವುದಿಲ್ಲ. ಬೆರಳನ್ನು ಸಾರಿನಲ್ಲಿ ಒದ್ದೆ ಮಾಡಿಕೊಂಡರೆ ಅಂಟುವುದಿಲ್ಲ. ಅಂಚಿನಿಂದ ನಿಂಬೆಹಣ್ಣಿಗಿಂತ ಚಿಕ್ಕ ತುತ್ತು ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಪೂರ್ತಿ ಹೊರಳಿಸಿ ನುಂಗಿ. ಅಗಿಯಬಾರದು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ "ಮುದ್ದೆಗೆ ರುಚಿ ಇಲ್ಲ" ಅನ್ನುತ್ತಾರೆ. ರುಚಿ ಕೊಡುವುದು ಸಾರು, ಹೊಟ್ಟೆ ಹಿಡಿಯುವುದು ಮುದ್ದೆ. ಚಿಕ್ಕ ಮಕ್ಕಳಿಗೆ ಮಾತ್ರ ಕಡಲೆಕಾಳಿನಷ್ಟು ತುತ್ತು ಕೊಡಿ.

ಸಸ್ಯಾಹಾರಿಗಳು ಮುದ್ದೆ ಊಟ ತಮ್ಮದಲ್ಲ ಅಂದುಕೊಂಡು ಹಿಂದೆ ಸರಿಯುತ್ತಾರೆ. ಅದು ತಪ್ಪು. ನಮ್ಮ ಮಂಡ್ಯದ ಮನೆಗಳಲ್ಲಿ ದಿನದ ಊಟವೇ ಸೊಪ್ಪು, ಕಾಳು. ಉಪ್ಸಾರು, ಬಸ್ಸಾರು ಎರಡನ್ನೂ ಕೇಳಿ ನೋಡಿ. ಎರಡಕ್ಕೂ ಕಾಳು, ಸೊಪ್ಪು ಬೇಯಿಸಿ ನೀರು ಬಸಿಯುತ್ತಾರೆ. ಆ ನೀರಿಗೆ ಮಸಾಲೆ ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ನೀರನ್ನು ಬರೀ ಉಪ್ಪಿನಲ್ಲಿ ಹಾಗೇ ಉಳಿಸಿ, ಖಾರವನ್ನು ಬೇರೆ ರುಬ್ಬಿ ಪಕ್ಕಕ್ಕೆ ಇಟ್ಟರೆ ಉಪ್ಸಾರು. ಬಸಿದ ಕಾಳು, ಸೊಪ್ಪಿಗೆ ಒಗ್ಗರಣೆ ಹಾಕಿದರೆ ಅದೇ ಪಲ್ಯ. ಉಪ್ಸಾರಿನಲ್ಲಿ ಖಾರ ಎಷ್ಟು ಅನ್ನುವುದು ತಿನ್ನುವವರ ಕೈಯಲ್ಲಿದೆ, ಸಾಸಿವೆ ಕಾಳಿನಷ್ಟರಿಂದ ಶುರು ಮಾಡಿ. ಡಿಸೆಂಬರ್, ಜನವರಿಯಲ್ಲಿ ಬಂದರೆ ಅವರೆಕಾಯಿ ಕಾಲ, ಹಿತಕಿದ ಬೇಳೆ ಸಾರು ಕೇಳದೆ ಏಳಬೇಡಿ. ಇವು ಬೋರ್ಡಿನಲ್ಲಿ ಬರೆದಿರುವುದಿಲ್ಲ. "ಇವತ್ತು ಏನ್ ಸಾರು ಅಣ್ಣ?" ಅಂತ ಕೇಳಿದರೇ ಗೊತ್ತಾಗುವುದು.

ಮಾಂಸಾಹಾರಿಗಳಾದರೆ ಮಿಲ್ಟ್ರಿ ಹೋಟೆಲಿಗೆ ಹನ್ನೆರಡು, ಹನ್ನೆರಡೂವರೆಗೆ ಹೋಗಿ. ತಲೆಮಾಂಸ, ಬೋಟಿ ಗೊಜ್ಜು, ಕೈಮ ಉಂಡೆ ಇವೆಲ್ಲ ಸ್ವಲ್ಪವೇ ಮಾಡುತ್ತಾರೆ, ಒಂದೂವರೆ ಹೊತ್ತಿಗೆ ಪಾತ್ರೆ ತಳ ಕಾಣುತ್ತದೆ. ಕಾಲ್ ಸೂಪ್ ಕುಡಿಯುವುದಾದರೆ ಬೆಳಿಗ್ಗೆ ಹೋಗಿ, ಆಗ ಹೊಸದಾಗಿ ಇಳಿಸಿರುತ್ತಾರೆ. ಮೊದಲ ಸಲ ಹೋಗುವವರು ಎಲ್ಲವನ್ನೂ ಒಟ್ಟಿಗೆ ಹೇಳಬೇಡಿ. ಒಂದು ಮುದ್ದೆ, ಒಂದು ಸಾರು, ನೆಂಚಿಕೊಳ್ಳಲು ಒಂದು ಡ್ರೈ. ಹೊಟ್ಟೆಯಲ್ಲಿ ಜಾಗ ಇದ್ದರೆ ಆಮೇಲೆ ಅನ್ನ. ಮುದ್ದೆ ತಡವಾಗಿ ಹೊಟ್ಟೆ ತುಂಬಿಸುತ್ತದೆ, ಎರಡನೆಯದನ್ನು ಹೇಳುವ ಮೊದಲು ಐದು ನಿಮಿಷ ಬಿಡಿ. ನಾಟಿ ಕೋಳಿ ಅಂತ ಹೇಳಿದರೆ ಮಾಂಸ ಬಿಗಿಯಾಗಿ, ಸಾರು ತೆಳ್ಳಗೆ ಇರುತ್ತದೆ, ಅದರ ಗುಣವೇ ಅದು. ಮೆತ್ತಗಿಲ್ಲ ಅಂತ ಜಗಳ ಮಾಡಬೇಡಿ.

ಬನ್ನೂರು ಕುರಿ ಅಂತ ಬೋರ್ಡು ಎಲ್ಲೆಡೆ ಕಾಣುತ್ತದೆ. ಆ ತಳಿಯ ಮೂಲ ಮಳವಳ್ಳಿ ತಾಲ್ಲೂಕಿನ ಬಂಡೂರು. ಕಾಲು ಗಿಡ್ಡ, ಮೈ ಅಗಲ, ಮಾಂಸದ ಎಳೆಗಳ ನಡುವೆಯೇ ಕೊಬ್ಬು ಸೇರಿರುವುದರಿಂದ ಬೆಂದರೆ ಬೆಣ್ಣೆಯ ಹಾಗೆ ಆಗುತ್ತದೆ. ಶುದ್ಧ ತಳಿಯ ಕುರಿಗಳು ಈಗ ಕಮ್ಮಿ. ಅದಕ್ಕೇ ಬೋರ್ಡ್ ನೋಡಿ ಜಾಸ್ತಿ ದುಡ್ಡು ಕೊಡಬೇಡಿ, ಸಾರಿನ ರುಚಿ ನೋಡಿ ಕೊಡಿ.

ಹಂತ 6: ಏನಾದರೂ ಸರಿ ಇಲ್ಲದಿದ್ದರೆ

ಮೊದಲ ತುತ್ತಿನಲ್ಲೇ ಹೇಳಿ. ತಟ್ಟೆ ಖಾಲಿ ಮಾಡಿ ಆಮೇಲೆ ಗಲ್ಲಾದಲ್ಲಿ ಕೂಗಾಡಿದರೆ ಯಾರೂ ಒಪ್ಪುವುದಿಲ್ಲ. ಸಪ್ಲೈಯರ್ ಮೇಲೆ ರೇಗಬೇಡಿ, ಚಟ್ನಿ ರುಬ್ಬಿದ್ದು ಅವರಲ್ಲ. ಬೆಳಿಗ್ಗೆ ಐದಕ್ಕೆ ಎದ್ದವರು, ಎಷ್ಟೋ ಜನ ಊರು ಬಿಟ್ಟು ಬಂದು ಹೋಟೆಲ್ ಮೇಲಿನ ಕೋಣೆಯಲ್ಲೇ ಮಲಗುವವರು. ಹತ್ತಿರ ಕರೆದು ಮೆಲ್ಲಗೆ "ಅಣ್ಣ, ಚಟ್ನಿ ಸ್ವಲ್ಪ ಹುಳಿ ಬಂದಿದೆ, ನೀವೇ ನೋಡಿ" ಅನ್ನಿ. ಹತ್ತರಲ್ಲಿ ಒಂಬತ್ತು ಸಲ ಬದಲಾಯಿಸಿ ಕೊಡುತ್ತಾರೆ.

ಹತ್ತನೇ ಸಲವೂ ಬರುತ್ತದೆ. ಹೋದ ವರ್ಷ ಒಂದು ಹೋಟೆಲಿನಲ್ಲಿ ಹಳಸಿದ ಸಾಗು ಕೊಟ್ಟರು, ಹೇಳಿದರೆ "ನಮ್ಮಲ್ಲಿ ಟೇಸ್ಟೇ ಹೀಗೆ" ಅಂದರು. ಮಗಳಿಗೆ ಆವತ್ತು ರಾತ್ರಿಯೆಲ್ಲ ವಾಂತಿ. ನನಗೆ ಸಿಟ್ಟಿಗಿಂತ ಜಾಸ್ತಿ ಬಂದಿದ್ದು ದುಃಖ. ಅಂಥ ಕಡೆ ತಿನ್ನುವುದನ್ನು ನಿಲ್ಲಿಸಿ, ಬಿಲ್ ಇಟ್ಟುಕೊಳ್ಳಿ, ಫೋಟೋ ತೆಗೆಯಿರಿ. ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು, 2022ರ ಜನವರಿಯಿಂದ ಅದು ಕಡ್ಡಾಯ. ಆ ನಂಬರ್ ಇದ್ದರೆ ಆಹಾರ ಸುರಕ್ಷತೆಯವರಿಗೆ ದೂರು ಕೊಡುವುದು ಸುಲಭ.

ಹಂತ 7: ಬಿಲ್

ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ 5%, ಅದನ್ನು ಎರಡೂವರೆ ಎರಡೂವರೆಯಾಗಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಬರೆದಿರುತ್ತಾರೆ. ಒಟ್ಟು ವ್ಯಾಪಾರದ ಲೆಕ್ಕದಲ್ಲಿ ಒಂದೇ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಹೋಟೆಲುಗಳು ಗಿರಾಕಿಯಿಂದ ಜಿಎಸ್‌ಟಿ ತೆಗೆದುಕೊಳ್ಳುವ ಹಾಗಿಲ್ಲ, ಅವರೇ ಕೈಯಿಂದ ಕಟ್ಟಬೇಕು. ಅಂಥ ಬಿಲ್ಲಿನ ಮೇಲೆ ಕಾಂಪೊಸಿಷನ್ ಅಂತ ಬರೆದೂ ತೆರಿಗೆ ಸೇರಿಸಿದ್ದರೆ ಕೇಳಿ.

ಸರ್ವಿಸ್ ಚಾರ್ಜ್ ಬೇರೆ ವಿಷಯ, ಅದು ತೆರಿಗೆ ಅಲ್ಲ. ಹೋಟೆಲುಗಳು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ದರ್ಶಿನಿ, ಮೆಸ್‌ಗಳಲ್ಲಿ ಈ ಕಾಟ ಇಲ್ಲ, ದೊಡ್ಡ ಏಸಿ ಹೋಟೆಲುಗಳಲ್ಲಿ ನೋಡಿಕೊಳ್ಳಿ. ತೆಗೆಯಲು ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಆದರೆ ಚೆನ್ನಾಗಿ ಬಡಿಸಿದ ಸಪ್ಲೈಯರ್ ಕೈಗೆ ಹತ್ತೋ ಇಪ್ಪತ್ತೋ ನೇರವಾಗಿ ಕೊಡಿ. ಬಿಲ್ಲಿನಲ್ಲಿ ಸೇರಿದ ದುಡ್ಡು ಅವರಿಗೆ ಹೋಗುತ್ತದೋ ಇಲ್ಲವೋ ನಮಗೆ ಗೊತ್ತಾಗುವುದಿಲ್ಲ, ಕೈಗೆ ಕೊಟ್ಟಿದ್ದು ಹೋಗುತ್ತದೆ.

ಜೇಬಿನಲ್ಲಿ ಚಿಲ್ಲರೆ ಇರಲಿ. ಯುಪಿಐ ಲೆಕ್ಕದ ಮೇಲೆ 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳಲ್ಲಿ ನಗದು ಮಾತ್ರ ಅಂತ ಬೋರ್ಡ್ ಹಾಕಿದ್ದರು, ಕೆಲವು ಗಾಡಿ, ಮೆಸ್‌ಗಳು ಈಗಲೂ ಕ್ಯಾಶ್ ಕೇಳುತ್ತವೆ.

ಹಂತ 8: ಮನೆಗೆ ಕಟ್ಟಿಸಿಕೊಳ್ಳುವುದು

ದೋಸೆ ಪಾರ್ಸೆಲ್ ಮಾಡಿಸಬೇಡಿ, ಅಷ್ಟೇ. ಪಲಾವ್, ಪುಳಿಯೋಗರೆ ಪಯಣ ತಡೆಯುತ್ತವೆ. ಅವು ಕೂಡ ನಾಲ್ಕು ಗಂಟೆಯೊಳಗೆ ಖಾಲಿ ಆಗಬೇಕು.

ಮೈಸೂರ್ ಪಾಕ್ ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಗೆ ಅಂಟಿಕೊಂಡಿರುವ ಗುರು ಸ್ವೀಟ್ಸ್‌ನಲ್ಲಿ ತಗೊಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರು ಮೊದಲು ಮಾಡಿದರು ಅನ್ನುತ್ತಾರೆ, ಅಂಗಡಿ ಅವರ ವಂಶದವರದ್ದು. ಬಾಯಲ್ಲಿ ಕರಗುವ ಮೆತ್ತನೆಯದು, ತೂತು ತೂತಾಗಿ ಗಟ್ಟಿ ಇರುವುದು, ಎರಡೂ ರೀತಿ ಊರಿನಲ್ಲಿ ಸಿಗುತ್ತವೆ. ಪಾಕಕ್ಕೆ ಕಡಲೆಹಿಟ್ಟು ಹಾಕಿ ಕಾದ ತುಪ್ಪ ಸುರಿದಾಗ ಹಿಟ್ಟು ಉಬ್ಬುತ್ತದೆ, ಆ ತೂತುಗಳು ಅದರಿಂದ ಬರುವುದು. ನನಗೆ ಇಷ್ಟ ಗಟ್ಟಿಯದೇ, ಪುಡಿ ಪುಡಿಯಾಗಿ ನಾಲಿಗೆಯಲ್ಲಿ ಇಳಿಯುತ್ತದೆ. ಒಂದು ತುಂಡು ಅಲ್ಲೇ ತಿಂದು ನೋಡಿ ಆಮೇಲೆ ತೂಕ ಹಾಕಿಸಿ.

ರೈಲಿನಲ್ಲಿ ಬೆಂಗಳೂರಿನ ಕಡೆ ಹೊರಟವರಿಗೆ ಮದ್ದೂರು ವಡೆ ಇದ್ದೇ ಇದೆ. ಮದ್ದೂರು ರೈಲು ನಿಲ್ದಾಣದಲ್ಲಿ ಪಕೋಡ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅನ್ನುವವರು 1917ರಲ್ಲಿ, ರೈಲು ಬೇಗ ಬಂದ ದಿನ, ಹಿಟ್ಟನ್ನು ಕೈಯಲ್ಲಿ ಚಪ್ಪಟೆ ತಟ್ಟಿ ಕರಿದು ಕೊಟ್ಟರು, ಅದೇ ಹೆಸರಾಯಿತು ಅಂತ ನಮ್ಮ ಕಡೆ ಹೇಳುತ್ತಾರೆ. ಉದ್ದಿನ ವಡೆಯ ಹಾಗೆ ಇದು ಮೆತ್ತಗಿಲ್ಲ. ಅಕ್ಕಿ ಹಿಟ್ಟು, ಮೈದಾ, ರವೆ, ತುಂಬಾ ಈರುಳ್ಳಿ, ಕರಿಬೇವು. ಬೋಗಿಯಲ್ಲಿ ಬುಟ್ಟಿ ಹಿಡಿದು ಬರುವವರ ಹತ್ತಿರ ಮುಟ್ಟಿ ನೋಡಿ, ಬಿಸಿ ಇದ್ದರೆ ಕೂತಲ್ಲೇ ತಿನ್ನಿ. ಕಾರಿನಲ್ಲಿ ಬಂದು ಮದ್ದೂರಿನ ಹಳೇ ರಸ್ತೆಯಲ್ಲಿ ಮನೆಗೆ ಅಂತ ಕಟ್ಟಿಸಿಕೊಂಡರೆ ಪೇಪರ್ ಪೊಟ್ಟಣದಲ್ಲೇ ಕೊಡಲು ಹೇಳಿ, ಪ್ಲಾಸ್ಟಿಕ್ ಕವರ್ ಬೇಡ. ಬಿಸಿ ಆರುವ ತನಕ ಪೊಟ್ಟಣದ ಬಾಯಿ ತೆರೆದೇ ಇರಲಿ, ಮುಚ್ಚಿದರೆ ಹಬೆಗೆ ಮೆತ್ತಗಾಗಿಬಿಡುತ್ತದೆ.